ಅನಾನಸ್ ಕರಕಲಾದ ಸಂಜೆ

ಸಿಂಚನಳ ಕಾಲು ಸುಟ್ಟದ್ದು ಅವಳ ಅಮ್ಮ ಕುಸುಮಳ ಬೇಜವಾಬ್ದಾರಿಯಿಂದಲ್ಲ, ನನ್ನಿಂದ. ಆ ಕೆಂಡ ನನ್ನದು. ಅದರ ಮೇಲೆ ಮಣ್ಣೆಳೆದು ಮುಚ್ಚಿದ ಕೈ ನನ್ನದು. ಆಮೇಲೆ ಅದನ್ನು ಕುಸುಮಳ ತಲೆಗೆ ಕಟ್ಟಿದ ಬಾಯಿಯೂ ನನ್ನದೇ.

ಇಷ್ಟು ಬರೆದ ಮೇಲೆ ಹಗುರಾಗಬೇಕಿತ್ತು ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ದಣಿವಾಗಿದೆ, ಅಷ್ಟೆ — ಒಳ್ಳೆಯವಳು ಎನ್ನಿಸಿಕೊಂಡು ಓಡಾಡುವುದರಲ್ಲಿ ಇಷ್ಟು ದಣಿವಿದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಎನ್.ಆರ್. ಪುರದಲ್ಲಿ ನಮ್ಮದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಆಗ ಎಲ್ಲರೂ ಒಟ್ಟಿಗಿದ್ದೆವು — ಅತ್ತೆ, ನಾನು, ನಮ್ಮ ಮನೆಯವರು, ಮೈದುನ ಸತೀಶ, ಅವನ ಹೆಂಡತಿ ಕುಸುಮ, ಅವರ ಮಗಳು ಸಿಂಚನ. ನನಗೆ ಮಕ್ಕಳಾಗಲಿಲ್ಲ. ಸಿಂಚನ ನನ್ನ ಮಡಿಲಲ್ಲೇ ಬೆಳೆದ ಮಗು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಅವಳ ಮೇಲೆ ನನಗೆ ಪ್ರೀತಿಯಿತ್ತು. ಪ್ರೀತಿಯಿದ್ದೂ ಹೀಗೆ ಮಾಡಿದೆ.

ಕುಸುಮ ಬಸರೀಕಟ್ಟೆಯ ಕಡೆಯವಳು. ಅವಳ ಅಪ್ಪ ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದರು. ಬಯಲಲ್ಲಿ ಮೂರು ಕಲ್ಲಿಟ್ಟು ಅನ್ನ ಬೇಯಿಸುವುದು, ಒದ್ದೆ ಸೌದೆ ಹೊತ್ತಿಸುವುದು ಅವಳಿಗೆ ಆಟವಿದ್ದಂತೆ. ಭದ್ರಾ ಹಿನ್ನೀರಿನ ದಡದಲ್ಲಿ, ಮುತ್ತಿನಕೊಪ್ಪದ ಹತ್ತಿರ, ಪರಿಚಯದವರೊಬ್ಬರ ಜಾಗದಲ್ಲಿ ಟೆಂಟು ಹಾಕಿ ಪ್ರವಾಸಿಗಳನ್ನು ಇಳಿಸಬೇಕು, ತಾನೇ ಅಡುಗೆ ಮಾಡಿ ಬಡಿಸಬೇಕು ಎಂದು ಅವಳಿಗೆ ಆಸೆ. ಸತೀಶನೂ ಒಪ್ಪಿ ಟೆಂಟು ತಂದಿದ್ದ. ಅತ್ತೆಗೆ ಮಾತ್ರ ಇದು ಹಿಡಿಸಿರಲಿಲ್ಲ. "ಒಂದ್ಸಲ ಬಂದು ನೋಡಿ ಅತ್ತೆ, ಆಮೇಲೆ ಬೇಡ ಅಂದ್ರೆ ಬೇಡ" ಎಂದು ಅವರನ್ನು ಒಪ್ಪಿಸಿದವಳೂ ಕುಸುಮಳೇ. ಬೇಸಿಗೆ ರಜೆಯಲ್ಲಿ, ನೀರು ಹಿಂದೆ ಸರಿದು ದಡದಲ್ಲಿ ಹುಲ್ಲು ಚಿಗುರಿದ್ದ ಹೊತ್ತಿನಲ್ಲಿ, ಜೀಪು ಮಾಡಿಕೊಂಡು ಎಲ್ಲರೂ ಹೊರಟೆವು. ಎರಡು ದಿನ ಇದ್ದು ಬರುವುದೆಂದಿತ್ತು.

ನಾನು ಆ ಮನೆಯ ಅಡುಗೆಯವಳು. ನೆಂಟರು ಬಂದರೆ ಹೋಳಿಗೆ ನಾನೇ ಮಾಡಬೇಕು, ನನ್ನ ಕೈರುಚಿ ಇನ್ಯಾರಿಗೂ ಬರುವುದಿಲ್ಲ ಎಂದು ಅತ್ತೆ ಹತ್ತು ಜನರ ಎದುರು ಹೇಳುತ್ತಿದ್ದರು. ಆ ದಡದಲ್ಲಿ ನನಗೆ ಕೆಲಸವಿರಲಿಲ್ಲ. ಕುಸುಮಳೇ ಎಲ್ಲವನ್ನೂ ನಡೆಸುತ್ತಿದ್ದಳು. "ನೀವು ಕೂತ್ಕೊಳ್ಳಿ ಅಕ್ಕ, ಇವತ್ತೊಂದಿನ ಆರಾಮ ಮಾಡಿ" ಎಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಅದು — ಹೇಗೆ ಹೇಳಲಿ — ನನ್ನನ್ನು ಬದಿಗೆ ಸರಿಸಿದ ಹಾಗೆ ಕೇಳಿಸಿತು.

ಸಂಜೆ ಬಿಸಿಲು ಇಳಿಯುವಾಗ ಅವಳು ಬಾಳೆಹಣ್ಣು ಸುಟ್ಟಳು. ತೀರಾ ಸುಲಭದ ಸಿಹಿ. ನೇಂದ್ರ ಹಣ್ಣನ್ನು ಸಿಪ್ಪೆ ಸುಲಿಯದೆ ಉದ್ದಕ್ಕೆ ಸೀಳಿ, ಒಳಗೆ ಬೆಲ್ಲದ ಪುಡಿ, ಕಾಯಿತುರಿ, ಒಂದು ಚಿಟಿಕೆ ಏಲಕ್ಕಿ ತುಂಬಿ, ಬಾಳೆಎಲೆಯಲ್ಲಿ ಸುತ್ತಿ ಕೆಂಡದ ಮೇಲಿಟ್ಟಳು. ಉರಿ ಇರಬಾರದು, ಬೂದಿ ಹತ್ತಿದ ಕೆಂಡವೇ ಆಗಬೇಕು ಎಂದು ಸಿಂಚನಳಿಗೆ ತೋರಿಸಿಕೊಡುತ್ತಿದ್ದಳು. ಎಲೆ ಕಪ್ಪಾಗಿ, ಒಳಗಿನ ಬೆಲ್ಲ ಕರಗಿ ಅಂಚಿನಿಂದ ಜಿನುಗತೊಡಗಿದಾಗ ಎತ್ತಿ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟಳು. ಸಿಪ್ಪೆಯೇ ಬಟ್ಟಲು.

ಅತ್ತೆ ಬಾಯಿಗಿಟ್ಟುಕೊಂಡರು. ಅವರ ಮುಖ ಬದಲಾದದ್ದನ್ನು ನಾನು ಕಂಡೆ. "ಎಂತ ರುಚಿ ಮಾರಾಯ್ತಿ! ನಮ್ಮ ದೊಡ್ಡವಳ ಹೋಳಿಗೆ ಇದರ ಮುಂದೆ ಎಂತದೂ ಅಲ್ಲ ನೋಡು" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಹಂಗಾದ್ರೆ ಮಾಡಿ ನಿಮ್ಮ ಟೆಂಟು, ನಾನ್ಯಾಕೆ ಅಡ್ಡ ಬರ್ಲಿ" ಎಂದು ಅತ್ತೆ ಅಲ್ಲೇ ಒಪ್ಪಿಗೆ ಕೊಟ್ಟರು. ಕುಸುಮ ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಅಷ್ಟೇ ನಡೆದದ್ದು. ನನ್ನನ್ನು ಯಾರೂ ಅವಮಾನಿಸಿರಲಿಲ್ಲ.

ಎಲ್ಲರೂ ನೀರಿನ ಕಡೆ ನಡೆದಾಗ ನಾನು ಹಿಂದೆ ಉಳಿದೆ. ಬುಟ್ಟಿಯಲ್ಲಿ ಒಂದು ಅನಾನಸ್ ಇತ್ತು. ಇದನ್ನು ಸುಟ್ಟು, ಬೆಲ್ಲ ಮತ್ತು ಮೆಣಸಿನ ಪುಡಿ ಹಾಕಿ ಕೊಟ್ಟರೆ ಅವಳದ್ದನ್ನು ಮರೆತುಬಿಡುತ್ತಾರೆ — ಹೀಗೇ ಯೋಚಿಸಿದೆ, ಐವತ್ತರ ಹತ್ತಿರ ಬಂದ ಹೆಂಗಸು. ಒಲೆಯಿಂದ ಸಲಿಕೆಯಲ್ಲಿ ಕೆಂಡ ತೆಗೆದುಕೊಂಡು, ಟೆಂಟಿನ ಆಚೆ ಬದಿಯ ಮರದ ಬೊಡ್ಡೆಯ ಹಿಂದಿನ ತಗ್ಗಿಗೆ ಹಾಕಿದೆ. ಕೆಟ್ಟರೆ ಯಾರಿಗೂ ಕಾಣಬಾರದು ಎಂದೇ ಅಲ್ಲಿ. ಹೋಳು ಮಾಡಿ, ಬೆಲ್ಲ ಸವರಿ, ನೇರ ಕೆಂಡದ ಮೇಲಿಟ್ಟೆ. ಗ್ಯಾಸ್ ಒಲೆಯ ಕೈ ನನ್ನದು. ಕೆಂಡದ ಕಾವು ನನಗೆ ತಿಳಿಯಲಿಲ್ಲ. ಬೆಲ್ಲ ಹೊತ್ತಿಕೊಂಡಿತು. ಹಣ್ಣು ಹೊರಗೆ ಕರಕಲು, ಒಳಗೆ ಹಸಿ.

ಅಷ್ಟರಲ್ಲಿ ಅವರೆಲ್ಲ ನಗುತ್ತ ಮೇಲೆ ಬರುವ ಸದ್ದು ಕೇಳಿಸಿತು. ನಾನು ಸಲಿಕೆಯಿಂದ ಸುತ್ತಲಿನ ಪುಡಿಮಣ್ಣನ್ನು ಎಳೆದೆಳೆದು ಮುಚ್ಚಿದೆ — ಹಣ್ಣನ್ನೂ, ಕೆಂಡವನ್ನೂ ಸೇರಿಸಿ. ಮೇಲಿಂದ ಸಮ ಮಾಡಿದೆ. ನೀರಿನ ಬಕೆಟ್ ಒಲೆಯ ಪಕ್ಕದಲ್ಲೇ ಇತ್ತು. ಅಲ್ಲಿಂದ ತಂದರೆ ಯಾಕೆಂದು ಕೇಳುತ್ತಾರೆ. ಆಮೇಲೆ ಹಾಕೋಣ ಎಂದುಕೊಂಡೆ. ಆ "ಆಮೇಲೆ" —

ಕುಸುಮ ಬಂದವಳೇ ತನ್ನ ಒಲೆಯ ಕೆಂಡವನ್ನು ಕೆದಕಿ, ಹರಡಿ, ಬಕೆಟ್ಟಿನ ನೀರನ್ನೆಲ್ಲ ಸುರಿದಳು. ಬೂದಿಯನ್ನು ಮತ್ತೆ ತಿರುವಿ ನೋಡಿದಳು. ನಾನು ಆಗಲೇ ಚಾಪೆಯ ಮೇಲೆ ಬಂದು ಕುಳಿತು ಅದನ್ನೆಲ್ಲ ನೋಡುತ್ತಿದ್ದೆ.

ಸಿಂಚನ ಆಗಷ್ಟೇ ಒಂದನೇ ಕ್ಲಾಸು ಮುಗಿಸಿದ್ದಳು. ಉಳಿದಿದ್ದ ಬಾಳೆಹಣ್ಣನ್ನು ಮತ್ತೆ ತಿಂದು ಕೈಯೆಲ್ಲ ಬೆಲ್ಲ ಮೆತ್ತಿಕೊಂಡಿದ್ದಳು. ತೊಳೆದುಕೊಂಡು ಬರುತ್ತೇನೆಂದು ಚಪ್ಪಲಿ ಬಿಟ್ಟು ಓಡಿದಳು — ಟೆಂಟನ್ನು ಬಳಸಿ, ಬೊಡ್ಡೆಯ ಹಿಂದಿನಿಂದ. ನನ್ನ ಬಾಯಿಂದ "ಆ ಕಡೆ ಹೋಗ್ಬೇಡ" ಎಂಬ ಮಾತು ಹೊರಡಬೇಕಿತ್ತು. ಹೊರಡಲಿಲ್ಲ. ಹೊಳೆಯಲಿಲ್ಲವೋ, ಹೇಳಿದರೆ ಎಲ್ಲ ತಿಳಿಯುತ್ತದೆಂದು ತಡೆದೆನೋ — ಎಷ್ಟು ಸಲ ನನ್ನನ್ನೇ ಕೇಳಿಕೊಂಡರೂ ಉತ್ತರ ಸಿಕ್ಕಿಲ್ಲ.

ಆ ಕೂಗನ್ನು ಬರೆಯುವುದಿಲ್ಲ.

ಮಣ್ಣು ಜರಿದು ಬಲಪಾದ ಪೂರ್ತಿ ಕೆಂಡದೊಳಗೆ ಹೋಗಿತ್ತು. ಕುಸುಮ ಮಗುವನ್ನು ಎತ್ತಿಕೊಂಡು ನೀರಿಗೆ ಓಡಿದಳು. ಸತೀಶ ಜೀಪು ತಿರುಗಿಸಿದ. ಅತ್ತೆ ಎದೆ ಬಡಿದುಕೊಳ್ಳುತ್ತ, "ಯಾರೇ ಕೆಂಡ ಹಂಗೆ ಬಿಟ್ಟಿದ್ದು? ಯಾರು?" ಎಂದು ಕಿರುಚಿದರು.

ಕುಸುಮ ಮಗುವಿನ ಕಾಲನ್ನು ನೀರಿನಲ್ಲೇ ಹಿಡಿದುಕೊಂಡಿದ್ದಳು. "ನೀರು ಹಾಕಿದ್ನಲ್ಲ ಅತ್ತೆ... ಹರಡುವಾಗ ಎಲ್ಲಾದ್ರೂ ಹೋಗಿ ಬಿದ್ದಿತ್ತಾ... ನಂಗೊತ್ತಾಗ್ತಿಲ್ಲ..."

ಅತ್ತೆ ನನ್ನ ಕಡೆ ತಿರುಗಿದರು. ನಾನು ಹೇಳಿದೆ:

"ಬೆಂಕಿ ಎಲ್ಲ ನೋಡ್ಕೊಂಡಿದ್ದು ಅವಳೇ ಅತ್ತೆ. ನಾನು ಚಾಪೆ ಬಿಟ್ಟು ಎದ್ದೇ ಇಲ್ಲ."

ಯಾರೂ ನನ್ನ ಮೇಲೆ ಅನುಮಾನಪಟ್ಟಿರಲಿಲ್ಲ. ಸುಮ್ಮನಿದ್ದಿದ್ದರೂ ಸಾಕಿತ್ತು. ನಾನು ಸುಮ್ಮನಿರಲಿಲ್ಲ.

ಮಗುವನ್ನು ಕರೆದುಕೊಂಡು ಅವರೆಲ್ಲ ಹೊರಟರು. ಸಾಮಾನು ಕಟ್ಟಿಕೊಂಡು ಬರುತ್ತೇವೆಂದು ನಾನು ಮತ್ತು ನಮ್ಮ ಮನೆಯವರು ಉಳಿದೆವು. ಅವರು ಟೆಂಟು ಬಿಚ್ಚುತ್ತಿದ್ದಾಗ ನಾನು ಬೊಡ್ಡೆಯ ಹಿಂದೆ ಹೋಗಿ, ಮಣ್ಣು ಕೆದಕಿ, ಕರಕಲಾದ ಅನಾನಸ್ ಹೋಳುಗಳನ್ನು ಆರಿಸಿ ಹಿನ್ನೀರಿಗೆ ಎಸೆದೆ. ಆಮೇಲೆ ನೀರು ತಂದು ಹಾಕಿದೆ. ಆಗ ಹಾಕಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಪಾದಕ್ಕೆ ಹಾಕಿದರು. ಗಾಯ ಮಾಯಿತು. ಎರಡು ಬೆರಳು ಮಡಚಿಕೊಂಡೇ ಉಳಿದವು. ಇಂದಿಗೂ ಸಿಂಚನ ಸ್ವಲ್ಪ ಎಳೆದು ನಡೆಯುತ್ತಾಳೆ. ಯಾರ ಮನೆಗೆ ಹೋದರೂ ಸಾಕ್ಸ್ ತೆಗೆಯುವುದಿಲ್ಲ.

ಕುಸುಮಳಿಗೆ ಆದದ್ದನ್ನು ಯಾವ ಆಸ್ಪತ್ರೆಯೂ ನೋಡಲಿಲ್ಲ. ಅತ್ತೆ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಸತೀಶ ತಿಂಗಳುಗಟ್ಟಲೆ ಅವಳೊಂದಿಗೆ ಮಾತಾಡಲಿಲ್ಲ. ಮಾತಾಡಿದಾಗ, ಮಗಳ ಕಾಲು ಸುಟ್ಟವಳು ನೀನು ಎಂಬ ಒಂದೇ ಮಾತು. ಟೆಂಟು ಮಾರಿದರು. ಮುತ್ತಿನಕೊಪ್ಪದ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳು ತಿರುಗಿ ಒಂದು ಮಾತೂ ಆಡಲಿಲ್ಲ, ಯಾಕೆಂದರೆ ಅವಳೂ ಅದನ್ನು ನಂಬಿದ್ದಳು. ತನ್ನ ಮಗಳನ್ನು ತಾನೇ ಸುಟ್ಟೆ ಎಂದು ನಂಬಿದ ತಾಯಿಗೆ ನಾನು ದಿನವೂ ಕಾಫಿ ಮಾಡಿ ಕೊಡುತ್ತಿದ್ದೆ. "ಆಗಿದ್ದು ಆಯ್ತು, ಮನಸ್ಸಿಗೆ ಹಚ್ಕೋಬೇಡ" ಎಂದು ಬೆನ್ನು ಸವರುತ್ತಿದ್ದೆ. ನನ್ನ ಕೈ ಹಿಡಿದುಕೊಂಡು ಅವಳು ಅತ್ತದ್ದೂ ಇದೆ. "ನೀವೊಬ್ರೇ ಅಕ್ಕ, ನಂಗೆ ಬೈಯದೇ ಇರೋರು" ಎಂದಿದ್ದಳು.

ಕೊನೆಗೆ ಅವರು ಕೊಪ್ಪದಲ್ಲಿ ಬೇರೆ ಅಂಗಡಿ ಮಾಡಿಕೊಂಡು ಹೋದರು. ಅತ್ತೆ ತೀರಿಕೊಂಡರು — ಚಿಕ್ಕ ಸೊಸೆಯ ಮೇಲಿನ ಸಿಟ್ಟು ಬಿಡದೆಯೇ. ಅವರಿಗೆ ಹೇಳುವ ದಾರಿ ಇನ್ನಿಲ್ಲ.

ಸಿಂಚನ ಈಗ ಶೃಂಗೇರಿಯಲ್ಲಿ ಡಿಗ್ರಿ ಓದುತ್ತಾಳೆ. ಹೋದ ತಿಂಗಳು ತಾಯಿ-ಮಗಳು ನಮ್ಮ ಮನೆಗೆ ಬಂದಿದ್ದರು. ಊಟವಾದ ಮೇಲೆ ಹುಡುಗಿ ಕೇಳಿದಳು:

"ದೊಡ್ಡಮ್ಮಾ, ನಾವು ಫ್ರೆಂಡ್ಸ್ ಎಲ್ಲ ಸೇರಿ ಟೆಂಟ್ ಹಾಕೋಕೆ ಹೋಗ್ತಿದೀವಿ. ಆವತ್ತು ಅಮ್ಮ ಕೆಂಡದಲ್ಲಿ ಬಾಳೆಹಣ್ಣು ಮಾಡಿದ್ರಲ್ಲ, ಅದು ಹೆಂಗೆ? ಅಮ್ಮ ಎಷ್ಟು ಕೇಳಿದ್ರೂ ಹೇಳಲ್ಲ."

ಕುಸುಮ ತಲೆ ಎತ್ತಲಿಲ್ಲ. "ಬೆಂಕಿ ವಿಷ್ಯ ನನ್ನ ಕೇಳ್ಬೇಡ ಪುಟ್ಟಿ. ಒಂದ್ಸಲ ಮಾಡಿ ನಿನ್ನ ಕಾಲು ಹಾಳು ಮಾಡಿದ್ದು ಸಾಕು" ಎಂದಳು. ನಿನ್ನೆ ನಡೆದದ್ದರ ಬಗ್ಗೆ ಹೇಳುವ ದನಿ.

ನಾನು ಧೈರ್ಯ ಮಾಡಿದೆ ಎಂದು ಹೇಳುವುದಿಲ್ಲ. ಇನ್ನು ಆಗುವುದಿಲ್ಲ ಅನಿಸಿತು, ಅಷ್ಟೆ. "ಅದು ನೀನಲ್ಲ ಕುಸುಮ" ಎಂದೆ. ಅನಾನಸ್ಸಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗದೆ ನೆಲ ನೋಡುತ್ತಿದ್ದೆ.

ಅವಳು ಕೇಳಿದ್ದು ಒಂದೇ. "ನೀವು ಆವತ್ತು ಸಾಮಾನು ಕಟ್ತೀನಿ ಅಂತ ಹಿಂದೆ ಉಳಿದಿದ್ದು... ಅದಕ್ಕಾ?"

"ಹೌದು."

ಸಿಂಚನ ಎದ್ದು ಅಮ್ಮನ ಬ್ಯಾಗು ತೆಗೆದುಕೊಂಡಳು. "ಬಾ ಅಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದಳು. ನನ್ನನ್ನು ದೊಡ್ಡಮ್ಮ ಎಂದು ಕರೆಯಲಿಲ್ಲ. ಮೆಟ್ಟಿಲಿನ ಹತ್ತಿರ ಕುಸುಮ ನಿಂತಳು, ಬೆನ್ನು ಹಾಕಿಕೊಂಡೇ.

"ಅವರಿಗೆ ನೀವೇ ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಕೊಪ್ಪಕ್ಕೆ ಹೋಗಿ ಸತೀಶನಿಗೆ ಹೇಳಿದೆ, ಅಂಗಡಿಯಲ್ಲೇ ನಿಂತು. ಅವನು ಗಿರಾಕಿಯನ್ನು ಕಳಿಸಿ ಶಟರ್ ಅರ್ಧ ಎಳೆದ. ನನಗೆ ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. "ಅತ್ತಿಗೇ, ನಾನು ಅವಳಿಗೆ ಎಂತೆಂಥಾ ಮಾತು..." ಎಂದು ಶುರು ಮಾಡಿದವನು ಮುಗಿಸಲಾರದೆ ಬಣ್ಣದ ಡಬ್ಬಿಗಳ ನಡುವೆ ಕುಳಿತುಬಿಟ್ಟ. ಆಡಿದ ಮಾತುಗಳ ಹೊಣೆ ಅವನದೇ. ಆದರೆ ಆ ಮಾತುಗಳನ್ನು ಅವನ ಬಾಯಿಗೆ ಹಾಕಿದವಳು ನಾನು.

ನಮ್ಮ ಮನೆಯವರು ಕೇಳಿ, "ಇಷ್ಟು ದಿನ ಆದ್ಮೇಲೆ ಯಾಕೆ ಹೇಳೋಕೆ ಹೋದೆ" ಎಂದರು. ಈಗೀಗ ಊಟಕ್ಕೆ ಕುಳಿತರೂ ನಮ್ಮಿಬ್ಬರ ನಡುವೆ ಮಾತಿಲ್ಲ.

ಕುಸುಮ ಕ್ಷಮಿಸಿಲ್ಲ. ನಾನು ಕೇಳಿಯೂ ಇಲ್ಲ — ಕೇಳಿದರೆ ಮತ್ತೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಆದರೆ ಅವಳ ಮೇಲಿನ ಆ ಮಾತು ನಮ್ಮ ಬಳಗದಲ್ಲಿ ಇನ್ನೂ ಓಡಾಡುತ್ತಿದೆ. ಮದುವೆ, ಮುಂಜಿ ಎಲ್ಲಿ ಸೇರಿದರೂ ಯಾರಾದರೊಬ್ಬರು, "ಸ್ವಂತ ಮಗೂನೇ ನೋಡ್ಕೊಳ್ಳಲಿಲ್ಲ ಅವಳು" ಎನ್ನುತ್ತಾರೆ. ನಾನು ಪಕ್ಕದಲ್ಲಿ ಕುಳಿತು ಕೇಳಿದ್ದೇನೆ, ಎಷ್ಟೋ ಸಲ.

ಅಂಥ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಬಾಗಿಲು ತೆರೆದು ಕಾಫಿ ತರಲು ಒಳಗೆ ಹೋಗುವವರನ್ನು ತಡೆದು, ಮೊದಲು ಹೇಳುತ್ತೇನೆ. ಕೆಲವರು ನಂಬುವುದಿಲ್ಲ, ಅವಳನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದೀಯ, ನಿನ್ನದು ದೊಡ್ಡ ಮನಸ್ಸು ಎನ್ನುತ್ತಾರೆ. ಆಗ ಮೊದಲಿನಿಂದ ಇನ್ನೊಮ್ಮೆ ಹೇಳುತ್ತೇನೆ.

ಬಾಳೆಹೊನ್ನೂರಿನಲ್ಲಿ ಅತ್ತೆಯ ತಂಗಿ ಇದ್ದಾರೆ. ಕಿವಿ ಮಂದವಾಗಿದೆ. ನಾಳೆ ಅಲ್ಲಿಗೆ ಹೋಗಬೇಕು. ಗಟ್ಟಿಯಾಗಿ ಹೇಳಬೇಕಾಗುತ್ತದೆ, ಅಕ್ಕಪಕ್ಕದವರಿಗೂ ಕೇಳಿಸುವಷ್ಟು.