ಚಂದ್ರನ ಮೇಲೆ ಕಲ್ಲು, ಮಾಳಿಗೆಯ ಮೇಲೆ ಮಣ್ಣು

ಚಂದ್ರನ ಮೇಲೆ ಉಲ್ಕೆ ಬಡಿದರೆ ಭೂಮಿಯ ಮೇಲೆ ಅನಾಹುತ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇಲ್ಲ, ಆಗುವುದಿಲ್ಲ. ಉತ್ತರ ಇಷ್ಟೇ. ಆದರೆ ಕೇಳುವವರಿಗೆ ಇಷ್ಟು ಸಣ್ಣ ಉತ್ತರ ಸಾಲುವುದಿಲ್ಲ. ‘ಇಲ್ಲ’ ಎಂದ ಕೂಡಲೇ ಮೊಬೈಲ್ ಮುಖದ ಹತ್ತಿರ ಹಿಡಿದು, ಇದನ್ನೊಂದು ಸ್ವಲ್ಪ ನೋಡಿಬಿಡಿ ಎನ್ನುತ್ತಾರೆ.

ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಇಂಡಿಯಲ್ಲಿ ನೌಕರಿ ಶುರುವಾಯಿತು, ಸಿಂದಗಿಗೆ ವರ್ಗವಾಯಿತು, ಅಲ್ಲಿಂದ ಮುದ್ದೇಬಿಹಾಳ, ಈಗ ಬಸವನಬಾಗೇವಾಡಿ. ನಾಲ್ಕು ತಾಲೂಕಿನ ಧೂಳು ಕುಡಿದಿದ್ದೇನೆ. ಇಂಡಿಯಲ್ಲಿ ಗ್ರಹಣದ ದಿನ ಅರ್ಧ ಕ್ಲಾಸು ಖಾಲಿ ಇರುತ್ತಿತ್ತು. ಮುದ್ದೇಬಿಹಾಳದಲ್ಲಿದ್ದಾಗ ನಾಲತವಾಡದಿಂದ ಒಬ್ಬ ಪಾಲಕರು ಬಸ್ಸು ಹಿಡಿದು ಬಂದು, ಬಾಲಚುಕ್ಕಿ ಕಂಡ ವರ್ಷ ಮಗಳ ಮದುವೆ ಮಾಡಬಹುದೇ ಎಂದು ಕೇಳಿದ್ದರು. ವಿಜ್ಞಾನದ ಟೀಚರಿಗೂ ಪಂಚಾಂಗ ನೋಡುವ ಅಯ್ಯನವರಿಗೂ ಅವರಿಗೆ ಅಂಥ ವ್ಯತ್ಯಾಸ ಇರಲಿಲ್ಲ. ಆಗ ನನಗೆ ಹುರುಪಿತ್ತು. ಚಾಕ್‌ಪೀಸಿನಲ್ಲಿ ಚಿತ್ರ ಬರೆದು ಬೆವರು ಸುರಿಸಿ ಹೇಳುತ್ತಿದ್ದೆ. ಈಗ ಅದೇ ಮಾತನ್ನು ಕುಳಿತಲ್ಲಿಂದಲೇ ಹೇಳುತ್ತೇನೆ.

ನಮ್ಮ ಭಾಗದಲ್ಲಿ ನೆಲ ಆಗಾಗ ಸಣ್ಣಗೆ ನಡುಗುತ್ತದೆ. ಮೊದಲು ಎಲ್ಲೋ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸಿದ ಹಾಗೆ ‘ಧಡ್’ ಎನ್ನುತ್ತದೆ, ಆಮೇಲೆ ಅಡುಗೆಮನೆಯ ಡಬ್ಬಿಗಳು ಗಲಗಲ ಎನ್ನುತ್ತವೆ. ಜನ ಹೊರಗೆ ಓಡಿಬಂದು ಸ್ವಲ್ಪ ಹೊತ್ತು ಮಾತಾಡಿ ಒಳಗೆ ಹೋಗುತ್ತಾರೆ. ನೆಲದೊಳಗಿನ ಬಂಡೆಗಳು ಜರುಗುತ್ತವೆ, ಮಳೆಗಾಲದ ನೀರು ಬಿರುಕುಗಳಲ್ಲಿ ಇಳಿದಿದ್ದರೂ ಹೀಗಾಗಬಹುದು ಎಂದು ತಿಳಿದವರು ಹೇಳುತ್ತಾರೆ. ಬಂಡೆ, ಬಿರುಕು, ನೀರು, ಇವೆಲ್ಲ ಯಾರಿಗೂ ರುಚಿಸುವುದಿಲ್ಲ. ಅದೇ ಹೊತ್ತಿಗೆ ಆಕಾಶದ ಬಂಡೆಯೊಂದು ಮುಂದೊಂದು ದಿನ ಚಂದ್ರನಿಗೆ ಬಡಿದರೂ ಬಡಿಯಬಹುದು ಎಂಬ ಸುದ್ದಿ ಟಿವಿಯಲ್ಲಿ ಬಂತು. ಸರಿ, ಎರಡನ್ನೂ ಕೂಡಿಸಿ ಯಾರೋ ಪುಣ್ಯಾತ್ಮರು ಒಂದು ಮೆಸೇಜು ಹೊಸೆದರು. ಚಂದ್ರನಿಗೆ ಆಗಲೇ ಕಲ್ಲು ಬಡಿದಿದೆ, ಆ ಪೆಟ್ಟು ಭೂಮಿಗೆ ತಾಗುತ್ತಿದೆ, ಅಮಾವಾಸ್ಯೆಯವರೆಗೆ ಯಾರೂ ಮನೆಯೊಳಗೆ ಮಲಗಬೇಡಿ, ಇದನ್ನು ಎಲ್ಲರಿಗೂ ಕಳಿಸಿ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ ನಾವು. ಎಲ್ಲರಿಗೂ ಕಳಿಸಿದೆವು.

ಸ್ಟಾಫ್ ರೂಮಿನಲ್ಲಿ ಕೇಳಿದರು. ಬಿಸಿಯೂಟದ ಅಡುಗೆಯವರು ಸಾಂಬಾರಿನ ಸೌಟು ಹಿಡಿದುಕೊಂಡೇ “ಅಕ್ಕೋರ, ಖರೇನ್ರಿ ಇದು?” ಎಂದರು. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ. ಎಲ್ಲರಿಗೂ ಹೇಳಿದೆ. ಚಂದ್ರ ಹೊಡೆಸಿಕೊಳ್ಳುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ, ಅವನ ಮೈಮೇಲಿನ ಕುಳಿಗಳೆಲ್ಲ ಅವೇ ಪೆಟ್ಟುಗಳು. ಅವನಿಗೂ ನಮಗೂ ನಡುವೆ ಹೆಚ್ಚು ಕಡಿಮೆ ನಾಲ್ಕು ಲಕ್ಷ ಕಿಲೋಮೀಟರು ಬರೀ ಬಯಲು. ಗಾಳಿ ಇಲ್ಲ, ಮಣ್ಣಿಲ್ಲ, ಪೆಟ್ಟು ಹೊತ್ತು ತರಲು ಏನೂ ಇಲ್ಲ. ಅಲ್ಲಿ ಬಿದ್ದ ಪೆಟ್ಟು ಅಲ್ಲಿಯೇ ಮುಗಿಯಿತು. ಚಂದ್ರನ ಭಾರದ ಮುಂದೆ ಅಂಥ ಕಲ್ಲು ಲೆಕ್ಕಕ್ಕಿಲ್ಲ, ಆದ್ದರಿಂದ ಅವನ ಸೆಳೆತ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಬಹಳ ದೊಡ್ಡ ಕಲ್ಲಾದರೆ ಅಲ್ಲಿಂದ ಚೂರುಗಳು ಸಿಡಿದು ಒಂದಿಷ್ಟು ನಮ್ಮ ಕಡೆಗೂ ಬರಬಹುದು. ಮೇಲೆ ಸುತ್ತುವ ಉಪಗ್ರಹಗಳಿಗೆ ತೊಂದರೆ ಆದೀತು, ನಮಗೆ ಬೀಳುವ ಚುಕ್ಕಿಗಳು ಕಂಡಾವು. ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಕೇಳಿದವರ ಕಣ್ಣು ಬೇರೆ ಕಡೆ ಹೋಗಿರುತ್ತಿತ್ತು. ಕೊನೆಗೆ ಒಂದೇ ಮಾತಿಗೆ ಇಳಿದೆ. “ಇಂಡಿಯೊಳಗ ಗಿಡದಿಂದ ಒಂದು ನಿಂಬಿಕಾಯಿ ಬಿದ್ರ ಮುದ್ದೇಬಿಹಾಳದಾಗ ಮನಿ ಬೀಳತೈತೇನು?” ಎಲ್ಲರೂ ನಗುತ್ತಿದ್ದರು. ನಕ್ಕ ಮೇಲೆ ಮೆಸೇಜನ್ನು ಮತ್ತೊಬ್ಬರಿಗೆ ಕಳಿಸುತ್ತಿದ್ದರು.

ಗೊಳಸಂಗಿಯಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ನಮ್ಮವ್ವನ ಅಕ್ಕ. ನಮ್ಮವ್ವ ಬೇಗ ಹೋದಳು, ಹಾಗಾಗಿ ನನ್ನ ತಲೆ ಬಾಚಿದವಳೂ ಮದುವೆಯಲ್ಲಿ ನನಗಿಂತ ಹೆಚ್ಚು ಅತ್ತವಳೂ ಅವಳೇ. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಮಗ, ನನಗೆ ತಮ್ಮ, ಬಾಗೇವಾಡಿಗೆ ಟಂಟಂ ಆಟೋ ಓಡಿಸುತ್ತಾನೆ. ಹಳೆಯ ಮೇಲ್ಮುದ್ದೆ ಮನೆ: ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ತೊಗರಿಕಟ್ಟಿಗೆ, ಎಲ್ಲದರ ಮೇಲೆ ಮಣ್ಣು. ಸುತ್ತಲಿನ ಕೆಲವರು ಆರ್‌ಸಿಸಿ ಹಾಕಿಸಿದರೂ ಅವಳು ಬಿಟ್ಟಿಲ್ಲ. ಬೇಸಿಗೆಯಲ್ಲಿ ಆ ಮನೆಯೊಳಗೆ ಹೋದರೆ ಹೊರಗೆ ಬರಲು ಮನಸ್ಸಾಗುವುದಿಲ್ಲ, ಅಷ್ಟು ತಂಪು.

ಮೆಸೇಜು ಬಂದ ವಾರ ನಾನು ಅಲ್ಲಿಗೆ ಹೋದಾಗ ದೊಡ್ಡವ್ವ, ಮಗ, ಸೊಸೆ ಮೂವರೂ ಅಂಗಳದ ಬೇವಿನ ಗಿಡದ ಕೆಳಗೆ ಕೌದಿ ಹಾಸಿಕೊಂಡು ಮಲಗುವ ರೂಢಿ ಮಾಡಿಕೊಂಡಿದ್ದರು. ಯಾಕೆ ಎಂದರೆ ಅದೇ ಚಂದ್ರ, ಅದೇ ಕಲ್ಲು. ಇಡೀ ವಾರ ಊರಿಗೆಲ್ಲ ಹೇಳಿ ದಣಿದಿದ್ದೆ, ನನ್ನ ಮನೆಯವರೇ ಹೀಗೆ ಮಾಡಿದರೆ? ರೇಗಿತು. ನಿಂಬೆಕಾಯಿಯ ಮಾತನ್ನು ಅಲ್ಲಿಯೂ ಹೇಳಿ ಬಸ್ಸು ಹತ್ತಿದೆ.

ಮರುದಿನ ತಮ್ಮನ ಫೋನು. ಅವ್ವ ಆ ರಾತ್ರಿಯೇ ಕೌದಿ ಸುತ್ತಿಕೊಂಡು ಒಳಗೆ ಹೋದಳಂತೆ. ತೊಲೆಯ ಕೆಳಗಿನ ತನ್ನ ಜಾಗದಲ್ಲೇ ಮಲಗಿದಳಂತೆ. ಗೋಡೆಯಲ್ಲಿ ಹೊಸ ಬಿರುಕು ಕಾಣುತ್ತಿದೆ, ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದ. ದೊಡ್ಡವ್ವನ ಕೈಗೆ ಫೋನು ಕೊಡಿಸಿದೆ.

“ನಿಂಬಿಕಾಯಿ ಬಿದ್ರ ಮನಿ ಬೀಳಂಗಿಲ್ಲ ಅಂತ ನೀನ ಹೇಳಿದಿ. ಸಾಲಿ ಕಲ್ತಾಕಿ ನೀನು. ಮತ್ಯಾಕ ನಾ ಹೊರಗ ಮಲಗಬೇಕು?”

ಸುಳ್ಳು ಮೆಸೇಜು ಅವಳನ್ನು ಹೊರಗೆ ಮಲಗಿಸಿತ್ತು, ನನ್ನ ಖರೆ ಮಾತು ಒಳಗೆ ಕಳಿಸಿತು. ಚಂದ್ರ ತಪ್ಪಿತಸ್ಥನಲ್ಲ ಎಂದರೆ ಮನೆ ಗಟ್ಟಿ ಇದೆ ಎಂದೇ ಅವಳು ತಿಳಿದಳು. ಅವಳೊಬ್ಬಳೇ ಅಲ್ಲ, ಊರೂ ಹಾಗೆಯೇ ತಿಳಿಯುತ್ತಿತ್ತು. ಅಮಾವಾಸ್ಯೆ ಮುಗಿದದ್ದೇ ತಡ, ಎಲ್ಲರೂ ಹಾಸಿಗೆ ಒಳಗೆ ಒಯ್ದರು.

ಆ ರವಿವಾರ ಗೊಳಸಂಗಿಗೆ ಹೋಗಿ ಮೊದಲ ಸಲ ಆ ಮಾಳಿಗೆಯನ್ನು ಸರಿಯಾಗಿ ನೋಡಿದೆ. ನಮ್ಮ ಕಡೆ ಮುಂಗಾರಿನ ಮಿರಗದ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಹಾಳು ಊರಿನ ದಿಬ್ಬದಿಂದ ತಂದ ಬಿಳಿ ಮಣ್ಣು, ಹಾಳಮಣ್ಣು ಅನ್ನುತ್ತೇವೆ. ಅದು ನೀರು ಹಿಡಿಯುವುದಿಲ್ಲ, ಸೋರಲು ಬಿಡುವುದಿಲ್ಲ. ಓಣಿಯವರೆಲ್ಲ ಸೇರಿ ಬುಟ್ಟಿಯಲ್ಲಿ ಏರಿಸುತ್ತಾರೆ, ತುಳಿಯುತ್ತಾರೆ, ಬಡಿಯುತ್ತಾರೆ. ಪ್ರತಿ ವರ್ಷ ಹಾಕುತ್ತಾರೆ. ಹಳೆಯದನ್ನು ತೆಗೆಯುವ ಪದ್ಧತಿ ಮಾತ್ರ ಆ ಓಣಿಯಲ್ಲಿ ಇರಲಿಲ್ಲ. ಅಡುಗೆಮನೆಯ ಮೇಲೆ ಒಂದು ಬೆಳಕಿಂಡಿ ಇದೆ. ಚಿಕ್ಕವಳಿದ್ದಾಗ ಮಾಳಿಗೆ ಹತ್ತಿ ಅದರೊಳಗೆ ಕೈ ಬಿಟ್ಟು ಕೆಳಗಿದ್ದ ದೊಡ್ಡವ್ವನಿಂದ ಬೆಲ್ಲದ ಚೂರು ಇಸಿದುಕೊಳ್ಳುತ್ತಿದ್ದೆ. ಈಗ ಹತ್ತಿ ಕೈ ಬಿಟ್ಟರೆ ಕಿಂಡಿಯ ಸುತ್ತ ಭುಜದವರೆಗೆ ಬರೀ ಮಣ್ಣು. ನನ್ನ ಕೈ ಅಂದಿಗಿಂತ ಉದ್ದವಾಗಿದೆ, ಆದರೂ ಬೆರಳು ಜಂತಿಗೆ ಮುಟ್ಟಲಿಲ್ಲ. ನಾಲ್ಕು ಲಕ್ಷ ಕಿಲೋಮೀಟರಿನ ಲೆಕ್ಕ ಹೇಳುತ್ತ ತಿರುಗಿದ್ದೆ, ಅವಳ ತಲೆಯ ಮೇಲೆ ಇಷ್ಟು ಭಾರ ಕೂತಿತ್ತು.

ಇಳಿದು ಬಂದು, ಮಣ್ಣು ತೆಗೆಸಬೇಕು, ತಗಡು ಹಾಕಿಸೋಣ ಎಂದೆ. ತಮ್ಮನೂ ಹೂಂ ಎಂದ. ದೊಡ್ಡವ್ವ ಜೋಳದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

“ನಿಮ್ಮ ದೊಡ್ಡಪ್ಪ ಹಾಕಿದ ಮಣ್ಣದು. ತೀರಿಹೋಗೂ ವರ್ಷಾನೂ ಏರಿ ಹಾಕ್ಯಾರ. ಒಂದ ಹನಿ ಸೋರಿಲ್ಲ ಇವತ್ತಿಗೂ.”

ವಾದಿಸಿದೆ. ತೊಲೆ ಬಾಗಿದ್ದನ್ನು ತೋರಿಸಿದೆ, ಬಿರುಕಿನಲ್ಲಿ ಬೆರಳಿಟ್ಟು ತೋರಿಸಿದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ, ಮಗಳ ಹಾಗೆ ಹೇಳಿದೆ, ಸಿಟ್ಟಿನಿಂದಲೂ ಹೇಳಿದೆ. ಅವಳು ರೊಟ್ಟಿ ಬಡಿಯತೊಡಗಿದಳು. ಆ ಬಡಿತದ ನಡುವೆಯೇ ಬೇರೊಂದು ಸದ್ದು ಬಂತು. ‘ಧಡ್.’ ಡಬ್ಬಿಗಳು ಗಲಗಲ ಅಂದವು, ಜಂತಿಗಳ ಸಂದಿನಿಂದ ಬಿಳಿ ಧೂಳು ಜರಜರ ಇಳಿದು ಹಿಟ್ಟಿನ ಪರಾತದಲ್ಲಿ ಬಿತ್ತು. ತಮ್ಮ ತನ್ನ ಹೆಂಡತಿಯ ಕೈಹಿಡಿದು ಹೊರಗೆ ಓಡಿದ. ನಾನು ದೊಡ್ಡವ್ವನನ್ನು ಎಳೆದೆ, ಅವಳು ಏಳಲಿಲ್ಲ. ನಡುಕ ನಿಂತಿತು. ಅವಳು ಪರಾತ ಸರಿಸಿ, ಗೂಟಕ್ಕಿದ್ದ ಜರಡಿ ತೆಗೆದು, ಒಣ ಹಿಟ್ಟನ್ನು ಸೋಸಲು ಕುಳಿತಳು.

ಅದನ್ನು ಕಂಡು ನನ್ನೊಳಗೆ ಏನೋ ಕುಸಿಯಿತು. ಇಷ್ಟು ವರ್ಷ ಮಾತಾಡಿದ್ದೆಲ್ಲ ಒಮ್ಮೆಲೆ ಮೈಮೇಲೆ ಬಂದ ಹಾಗಾಯಿತು. ಇನ್ನು ಒಂದು ಶಬ್ದವೂ ನನ್ನಿಂದ ಆಗುವುದಿಲ್ಲ ಅನ್ನಿಸಿತು. ನಡುಮನೆಗೆ ಹೋಗಿ, ತೊಲೆಯ ಕೆಳಗೆ ಮಡಚಿಟ್ಟಿದ್ದ ಅವಳ ಕೌದಿ ಬಿಡಿಸಿ, ಮಲಗಿಬಿಟ್ಟೆ. ಹಟಕ್ಕಲ್ಲ. ಖರೇನೇ ದಣಿದಿದ್ದೆ.

ಬಾಗಿಲಿಗೆ ಬಂದು ನಿಂತಳು. “ಏಳು. ಅಲ್ಲಿ ಯಾಕ ಮಲಗಿದಿ?”

“ನೀ ಮಲಗೂ ಜಾಗ ಅಲ್ಲೇನು? ಮನಿ ಗಟ್ಟಿ ಐತೆಂತಿಯಲ್ಲ. ನಾನೂ ಇನ್ನ ಇಲ್ಲೇ ಮಲಗ್ತೇನಿ.”

ನನ್ನನ್ನು ನೋಡಿದಳು, ತೊಲೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ತನ್ನ ಮೇಲೆ ಆ ತೊಲೆ ಇದ್ದಾಗ ಅವಳಿಗೆ ಕಾಣದ್ದು ನನ್ನ ಮೇಲೆ ಇದ್ದಾಗ ಕಂಡಿತು. ಮದುವೆ ಮಾಡಿಕೊಟ್ಟ ಹೆಣ್ಣುಮಗಳಿಗೆ ತನ್ನ ಮನೆಯಲ್ಲಿ ಏನಾದರೂ ಆದರೆ ನನ್ನ ಅತ್ತೆಮನೆಯವರಿಗೆ ಏನು ಮುಖ ತೋರಿಸುವುದು ಎಂದು ಗೊಣಗಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, “ಏಳವ್ವ. ತಗಸ್ರಿ, ಏನ್ ತಗಸ್ತೀರಿ,” ಎಂದಳು.

ಮುಂದಿನ ವಾರ ಓಣಿಯವರು ಬಂದರು. ಮಣ್ಣು ಏರಿಸುವುದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು, ಇಳಿಸುವುದು ಯಾರಿಗೂ ರೂಢಿಯಿರಲಿಲ್ಲ. ಎಲ್ಲಿಂದ ಶುರು ಮಾಡಬೇಕು ಎಂದು ಬಹಳ ಹೊತ್ತು ಸಲಿಕೆ ಹಿಡಿದು ನಿಂತರು. ಅಂಚಿನಿಂದ ಕಡಿಯುತ್ತ ಬಂದ ಹಾಗೆ ಮಣ್ಣಿನ ಪದರುಗಳು ಕಂಡವು, ಒಂದೊಂದು ವರ್ಷದ್ದು ಒಂದೊಂದು, ಒಟ್ಟಿಟ್ಟ ರೊಟ್ಟಿಗಳ ಹಾಗೆ. ಹಾಳಮಣ್ಣಿನಲ್ಲಿ ಯಾವ ಕಾಲದ್ದೋ ಬಳೆ ಚೂರುಗಳಿರುತ್ತವೆ, ಅವು ಬುಟ್ಟಿಯಲ್ಲಿ ಮಿನುಗಿದವು. ದೊಡ್ಡವ್ವ ಬೇವಿನ ಗಿಡದ ಕೆಳಗೆ ಕುಳಿತು ಇಳಿಯುವ ಪ್ರತಿ ಬುಟ್ಟಿಯನ್ನೂ ನೋಡುತ್ತಿದ್ದಳು. ದೊಡ್ಡಪ್ಪನ ಕಾಲು ತುಳಿದ ಮಣ್ಣು ಅಂಗಳದಲ್ಲಿ ಗುಡ್ಡೆಯಾಯಿತು. ಮಧ್ಯಾಹ್ನದ ಹೊತ್ತಿಗೆ ನಡುಮನೆಯ ತೊಲೆ ಬಯಲಾಯಿತು. ತಮ್ಮ ಗುದ್ದಲಿಯ ಹಿಂಬದಿಯಿಂದ ಸುಮ್ಮನೆ ತಟ್ಟಿದ. ಹೊರಗೆ ನುಣ್ಣಗಿದ್ದ ಕಟ್ಟಿಗೆ ಹಪ್ಪಳದಂತೆ ಒಡೆಯಿತು. ಒಳಗೆಲ್ಲ ಗೆದ್ದಲು. ಸರಿಯಾಗಿ ಅವಳು ತಲೆಯಿಟ್ಟು ಮಲಗುವ ಕಡೆಗೆ.

ನಾನು ಅವಳ ಪಕ್ಕ ಹೋಗಿ ಕುಳಿತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

“ನನ್ನ ಮ್ಯಾಲೆ ಒಂದ ಹನಿ ನೀರ ಬೀಳಬಾರದಂತ ಹಾಕ್ಯಾರ, ಪಾಪ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಕ್ಲಾಸಿನ ಕೊನೆಯ ಬೆಂಚಿನ ಹುಡುಗಿ ಪ್ರಶ್ನೆ ಕೇಳುವಷ್ಟು ಮೆಲ್ಲಗೆ, “ಆ ಚಂದ್ರಂದ ತಪ್ಪಾಗಿದ್ರ ಚಲೋ ಇತ್ತಲ್ಲವ್ವ?”

ನಾಲ್ಕು ತಾಲೂಕಿನಲ್ಲಿ ಇಂಥ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದೇ ಹೇಳುತ್ತ ಬಂದವಳು ನಾನು. ಅವಳ ಕೈಯಿಂದ ಸೆರಗು ಬಿಡಿಸಿ ಕೈ ಹಿಡಿದುಕೊಂಡೆ.

“ಹೌದು ದೊಡ್ಡವ್ವ,” ಎಂದೆ. “ಚಲೋ ಇತ್ತು.”