ಮಗುಚುವ ಜೀಪಿಗೆ ಪಂಜರ ಕಟ್ಟುವ ಟೇಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನೊಳಗೆ ಐವತ್ತೆರಡರ ಹೆಂಗಸೊಬ್ಬರು ಸಿಮೆಂಟು ನೆಲಕ್ಕೆ ಮೊಣಕಾಲೂರಿ ಸೀಮೆಸುಣ್ಣದಲ್ಲಿ ಜೀಪಿನ ಚಿತ್ರ ಬರೆಯುತ್ತಿದ್ದಾರೆ. ಬಾಯಲ್ಲಿ ಪೆನ್ಸಿಲು, ಕೊರಳಲ್ಲಿ ಅಳತೆ ಟೇಪು. ಸೀಟು, ಸ್ಟಿಯರಿಂಗು, ಕೂತವರ ತಲೆ ಎಲ್ಲವೂ ನಿಜದಷ್ಟೇ ದೊಡ್ಡವು. ಕೊನೆಯ ಗೆರೆ ಎಳೆದು ಇನ್ನೇನು ಸೊಂಟ ನೆಟ್ಟಗೆ ಮಾಡಬೇಕು, ಅಷ್ಟರಲ್ಲಿ ಅವರ ತಮ್ಮ ಸ್ಕೂಟರು ತಳ್ಳಿಕೊಂಡು ಸೀದಾ ಚಿತ್ರದ ಮೇಲೆಯೇ ಬರುತ್ತಾನೆ.

"ಹತ್ತೊಂಬತ್ತು ವರ್ಷದಿಂದ ಹೇಳ್ತಾನೇ ಇದೀನಿ, ಗೆರೆ ತುಳೀಬೇಡ ಅಂತ," ಎಂದು ಗೊಣಗಿ, ಅಕ್ಕ ಒರೆಸಿ ಮತ್ತೆ ಬರೆಯುತ್ತಾರೆ.

ಬೀದಿಯವರಿಗೆಲ್ಲ ಇವರು ಟೇಪಕ್ಕ. ಮೋಜಿಗೆಂದು ಕಲ್ಲುಗುಡ್ಡ ಹತ್ತಿಸುವ ಜೀಪುಗಳಿಗೆ ರೋಲ್ ಕೇಜ್, ಅಂದರೆ ಗಾಡಿ ಮಗುಚಿದರೂ ಒಳಗಿದ್ದವರು ಜಜ್ಜಿಹೋಗದಂತೆ ಕಾಯುವ ಉಕ್ಕಿನ ಪೈಪಿನ ಪಂಜರವನ್ನು ರೂಪಿಸುವುದು ಇವರ ಕಸುಬು. ಬೆಸುಗೆ ಹಾಕುವುದು ತಮ್ಮ. ಬೋರ್ಡಿನಲ್ಲಿ ಇರುವುದೂ ತಮ್ಮನ ಹೆಸರೇ. ಬಂದವರು ಮಾತಾಡುವುದೂ ಅವನ ಜೊತೆಯೇ. ಇವರನ್ನು ನೋಡಿದರೆ ಕುಡಿಯಲು ನೀರು ಕೇಳುತ್ತಾರೆ.

ಮೊದಲು ಟೇಪಕ್ಕ ಇದೇ ಶೆಡ್ಡಿನ ಹಿಂಬದಿಯಲ್ಲಿ ಸೀಟು ಕವರು ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಸಮೇತ ತಮ್ಮನಲ್ಲಿಗೆ ಬಂದವರು. ಆಗ ತಮ್ಮ ಬರೀ ಕಣ್ಣಂದಾಜಿನಲ್ಲೇ ಪಂಜರ ಮಾಡುತ್ತಿದ್ದ. ಒಮ್ಮೆ ಒಂದು ಗಾಡಿ ಉರುಳಿತು. ಪಂಜರ ಮಣಿಯಲಿಲ್ಲ, ಆದರೆ ಓಡಿಸುತ್ತಿದ್ದವನ ತಲೆ ಆ ಪಂಜರದ್ದೇ ಪೈಪಿಗೆ ಬಡಿದು ಒಂದು ಕಿವಿ ಶಾಶ್ವತವಾಗಿ ಕೇಳಿಸದಾಯಿತು. ತಮ್ಮ ವಾರಗಟ್ಟಲೆ ಅನ್ನ ನೀರು ಬಿಟ್ಟು ಕೂತ. ಅಕ್ಕ ಟೇಪು ಹಿಡಿದು ಆ ಗಾಡಿಯೊಳಗೆ ಕೂತರು. "ಒಂದು ಅಂಗಿ ಹೊಲಿಯೋಕೆ ಒಂಬತ್ತು ಅಳತೆ ತಗೋತೀವಿ. ತಲೆಗೆ ಒಂದೂ ಬೇಡ್ವಾ?"

ಅಂದಿನಿಂದ ಹೆಲ್ಮೆಟ್ ಹಾಕಿಸಿ, ಬೆಲ್ಟು ಬಿಗಿಸಿ, ಸೀಟಿನಲ್ಲಿ ಕೂರಿಸಿ ಒಬ್ಬೊಬ್ಬರಿಂದ ಹದಿನಾಲ್ಕು ಅಳತೆ. ಆಮೇಲೆ ಕಟ್ಟುತಂತಿಯಲ್ಲಿ ಗೇಣುದ್ದದ ಮಾದರಿ, ನೆಲದ ಮೇಲೆ ಪೂರ್ತಿ ಚಿತ್ರ. ಒಂದು ಪಂಜರಕ್ಕೆ ಇಪ್ಪತ್ತೆರಡು ತುಂಡು ಪೈಪು, ಮೂವತ್ತಾರು ಬೆಸುಗೆ. ದಿನಕ್ಕೆ ನಾಲ್ಕು ಸೀಮೆಸುಣ್ಣ ಮುಗಿಯುತ್ತವೆ. ತಾಳ್ಮೆ ಅದಕ್ಕೂ ಮೊದಲೇ ಮುಗಿಯುತ್ತದೆ. ಬರುವವರಲ್ಲಿ ಒಬ್ಬರಿಗೆ ಪೈಪು ಸಣ್ಣಗಿದ್ದರೆ ಚೆಂದ. ಇನ್ನೊಬ್ಬರಿಗೆ ಫೋನಿನಲ್ಲಿ ನೋಡಿದಂಥದ್ದೇ ಬೇಕು, ಗಾಡಿ ಬೇರೆಯಾದರೂ.

ಎಲ್ಲರಿಗಿಂತ ಹೆಚ್ಚು ತಲೆ ತಿಂದವರು ಹಲ್ಲಿನ ಡಾಕ್ಟರೊಬ್ಬರು. ಸೀಟಿನ ಹಿಂದೆ ಮೂಲೆಯಿಂದ ಮೂಲೆಗೆ ಹೋಗುವ ಓರೆ ಪೈಪು ಬೇಡವೆಂದರು; ಅಲ್ಲಿ ಸ್ಪೀಕರು ಇಡಬೇಕಂತೆ. ಟೇಪಕ್ಕ ಖಾಲಿ ಬೆಂಕಿಪೊಟ್ಟಣದ ಹೊರಕವಚ ಒತ್ತಿ ತೋರಿಸಿದರು, ಅಪ್ಪಚ್ಚಿಯಾಯಿತು. ಒಳಗೊಂದು ಕಡ್ಡಿ ಓರೆಯಾಗಿ ಸಿಗಿಸಿ ಒತ್ತಿದರು, ಜಪ್ಪಯ್ಯ ಎಂದರೂ ಮಡಚಲಿಲ್ಲ. ಡಾಕ್ಟರು ಚೆನ್ನಾಗಿದೆ ಎಂದು ಮೆಚ್ಚಿ, ಹಾಗಾದರೆ ಸ್ಪೀಕರು ಎಲ್ಲಿಡುವುದು ಎಂದು ಕೇಳಿದರು. ಅಕ್ಕ ಸೊಪ್ಪು ಹಾಕದಿದ್ದಾಗ ತಮ್ಮನಿಗೆ ಫೋನು ಮಾಡಿ, ಬೇಕಾದಾಗ ಬಿಚ್ಚಿಡುವ ಹಾಗೆ ನಟ್ಟು ಬೋಲ್ಟು ಹಾಕಲು ಒಪ್ಪಿಸಿದರು.

ವಿಷಯ ತಿಳಿದು ಟೇಪಕ್ಕನಿಗೆ ಪಿತ್ತ ನೆತ್ತಿಗೇರಿತು. ಬಿಚ್ಚಿಟ್ಟ ಪೈಪು ಮನೆಯಲ್ಲಿರುತ್ತದೆ, ಗಾಡಿ ಗುಡ್ಡದಲ್ಲಿರುತ್ತದೆ ಎಂದವರು ತಮ್ಮನ ಜೊತೆ ಮಾತು ಬಿಟ್ಟರು. ಎರಡು ದಿನ ಸಹಿಸಿಕೊಂಡ ತಮ್ಮ ಮೂರನೆಯ ದಿನ ತಾನೇ ಹೋಗಿ ಪೈಪನ್ನು ಬೆಸೆದುಬಿಟ್ಟ. ಡಾಕ್ಟರು ದವಡೆ ಊದಿದ ಪೇಷಂಟಿನಂತೆ ಮುಖ ಮಾಡಿಕೊಂಡು ಗಾಡಿ ಒಯ್ದರು.

ಐದು ತಿಂಗಳಿಗೆ ಆ ಜೀಪು ಲಾರಿಯ ಮೇಲೆ ವಾಪಸು ಬಂತು. ಕಲ್ಲಿನ ಇಳಿಜಾರಿನಲ್ಲಿ ಎರಡು ಪಲ್ಟಿ. ಗಾಜಿಲ್ಲ, ಬಾಗಿಲಿಲ್ಲ. ಡಾಕ್ಟರಿಗೂ ಪಕ್ಕದಲ್ಲಿದ್ದ ಅವರ ಹೆಂಡತಿಗೂ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಡಾಕ್ಟರು ತಮ್ಮನ ಕೈ ಕುಲುಕಿ ಹೊಗಳಿದರು. ಮೊಣಕೈ ಪೈಪಿಗೆ ತಾಗಿ ನೀಲಿಗಟ್ಟಿದೆ, ಅಲ್ಲಿ ದಪ್ಪ ಸ್ಪಂಜು ಸುತ್ತಬೇಕಿತ್ತು ಎಂದು ದೂರಿದರು. ಪಂಜರ ಗಟ್ಟಿಯಾಗಿಯೇ ಇದೆಯಲ್ಲ, ಬಣ್ಣ ಬಳಿದು ಕೊಟ್ಟುಬಿಡಿ ಎಂದರು.

ಟೇಪಕ್ಕ ಪಂಜರವನ್ನು ಮೂಲೆಯಿಂದ ಮೂಲೆಗೆ ಅಳೆದರು. ಅರ್ಧ ಇಂಚು ವಾಲಿತ್ತು. ಒಮ್ಮೆ ಪೆಟ್ಟು ತಿಂದ ಪಂಜರವನ್ನು ಮತ್ತೆ ನಂಬುವಂತಿಲ್ಲ ಎಂದರೆ ಡಾಕ್ಟರು ಕೇಳಬೇಕಲ್ಲ, ವಾಲಿದ್ದು ಕಣ್ಣಿಗೆ ಕಾಣುವುದೇ ಇಲ್ಲ ಎಂದು ವಾದಕ್ಕೆ ನಿಂತರು. ಈ ಸಲ ತಮ್ಮ ಯಾರ ಮುಖವನ್ನೂ ನೋಡಲಿಲ್ಲ. ಗ್ರೈಂಡರು ಎತ್ತಿಕೊಂಡು ಬಂದು ಮುಖ್ಯ ಪೈಪನ್ನೇ ನಡುವಿಗೆ ಕತ್ತರಿಸಿದ. ವಾದ ಮುಗಿಯಿತು.

ಹೊಸ ಪಂಜರ ಈಗ ಅರ್ಧಕ್ಕೆ ಬಂದಿದೆ. ಡಾಕ್ಟರು ದಿನಕ್ಕೊಮ್ಮೆ ಫೋನು ಮಾಡಿ ಬಣ್ಣದ ವಿಚಾರ ಕೇಳುತ್ತಾರೆ.

ತಾವು ಕಟ್ಟಿದ ಪಂಜರದೊಳಗೆ ಕೂತು ಒಮ್ಮೆಯಾದರೂ ಗುಡ್ಡ ಹತ್ತಿದ್ದೀರಾ ಎಂದರೆ ಟೇಪಕ್ಕ ಕೇಳಿದವರನ್ನೇ ದುರುಗುಟ್ಟಿ ನೋಡುತ್ತಾರೆ. "ನಂಗೇನು ಹುಚ್ಚಾ? ರಸ್ತೆ ಇದೆ, ಬಸ್ಸಿದೆ."

ಹಾಗಾದರೆ ನಿಮ್ಮ ಆಸೆಯೇನು ಎಂದು ಕೇಳಿದರೆ, ಪೈಪಿನ ತುದಿಯ ಜಿಡ್ಡನ್ನು ಬಟ್ಟೆಯಿಂದ ಒರೆಸುತ್ತಾ ಹೇಳುತ್ತಾರೆ: "ಹೋಗ್ಬೇಡಿ ಅಂದ್ರೆ ಕೇಳೋ ಜನ ಅಲ್ಲ ಇವರು. ಹೋಗ್ಲಿ. ಬಿದ್ರೂ ಎದ್ದು ಬರ್ಲಿ. ಬಂದು ನನ್ನನ್ನೇ ಬೈಲಿ ಬೇಕಾದ್ರೆ. ಬೈಯೋಕಾದ್ರೂ ಬರ್ತಾರಲ್ಲ, ಅಷ್ಟು ಸಾಕು."