ಶೇಖಮ್ಮನ ದಿಟ್ಟತನ

ಶಹಾಪುರದ ಕಡೆಯ ಕೆನಾಲಿನ ಕೊನೆಯ ತೂಬಿನ ಕೆಳಗೆ ಶೇಖಮ್ಮನ ಎರಡು ಎಕರೆ ಭತ್ತದ ಗದ್ದೆ. ನಾಲ್ಕು ಜನ ಸೇರಿದ ಕಡೆ ಆಕೆಗೆ ತಲೆ ಭಾರವಾಗುತ್ತಿತ್ತು. ಮದುವೆಗೆ ಹೋದರೆ ಉಂಡವಳೇ ಹಿತ್ತಲಿನಿಂದ ಜಾರಿಕೊಳ್ಳುತ್ತಿದ್ದಳು. ಅಂಜುಬುರುಕಿ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಪಕ್ಕದ ಗದ್ದೆಯ ಮಲ್ಲಾಬಾಯಿ ಹಾಗಲ್ಲ. ಬಸ್ಸು ಹತ್ತಿ ಇಳಿಯುವುದರೊಳಗೆ ಹತ್ತು ಜನರ ಬಳಗ ಕಟ್ಟಿಕೊಳ್ಳುವವಳು. ನೀರು ಬಳಕೆದಾರರ ಸಂಘಕ್ಕೆ ಒಬ್ಬ ಹೆಂಗಸನ್ನು ಆರಿಸಬೇಕಾದಾಗ, ಬಿ.ಎಡ್.ನಲ್ಲಿ ಮನಶ್ಶಾಸ್ತ್ರ ಓದಿದ್ದ ಈಶಪ್ಪ ಮಾಸ್ತರರು, "ಮಲ್ಲಾಬಾಯಿನ ಆಗಲಿ. ಶೇಖಮ್ಮ ಅಂತರ್ಮುಖಿ, ಆಕಿ ಕೈಲೆ ಆಗೂದಲ್ಲ" ಎಂದರು. ಮಲ್ಲಾಬಾಯಿಯೇ ಆಯ್ಕೆಯಾದಳು. ಮಾಸ್ತರರ ಮಾತು ನಿಜವಿದ್ದರೂ ಇರಬಹುದು ಎಂದು ಶೇಖಮ್ಮ ಅಂದುಕೊಂಡಳು.

ಆ ವರ್ಷ ಮೇಲಿನ ತೂಬುಗಳ ರೈತರು ಕೆನಾಲಿಗೆ ಪಂಪು ಹಚ್ಚಿ ನೀರೆತ್ತಿದರು. ಹಾಲುಗಟ್ಟುತ್ತಿದ್ದ ತೆನೆ ಬಾಡತೊಡಗಿತು. ಕೊನೆಯ ತೂಬಿನ ಹನ್ನೆರಡು ಜನ ನೀರಾವರಿ ಕಚೇರಿಗೆ ಹೋದರು. ಎಂಜಿನಿಯರು ತಲೆ ಎತ್ತದೆ, "ನಿಮ್ಮ ಸರದಿ ಮುಗದದ. ಮುಂದಿನ ವಾರ ಬರ್ರಿ" ಎಂದರು.

ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸಿದ್ದ ಮಲ್ಲಾಬಾಯಿಗೆ ಎದುರು ಮಾತಾಡಿ ಗೊತ್ತಿರಲಿಲ್ಲ. "ಆಯ್ತ್ರಿ ಸಾಹೇಬ್ರ" ಎಂದು ಹಿಂದೆ ಸರಿದಳು.

ಬಾಗಿಲ ಬಳಿ ನಿಂತಿದ್ದ ಶೇಖಮ್ಮ ಮುಂದೆ ಬಂದಳು. ದನಿ ಏರಿಸಲಿಲ್ಲ.

"ಮುಂದಿನ ವಾರಕ್ಕ ಬೆಳಿ ಇರಂಗಿಲ್ರಿ. ಸರದಿ ಮುಗದದ ಅಂತೀರಿ, ನಮಗ ಹನಿ ನೀರು ಬಂದಿಲ್ಲ. ಇವತ್ತ ಬಂದು ಆ ಪಂಪು ನೋಡ್ರಿ. ನೀವು ಏಳೂ ತನಕ ನಾ ಇಲ್ಲೇ ಕುಂದರ್ತೀನಿ."

ನೆಲದ ಮೇಲೆ ಕುಳಿತೇಬಿಟ್ಟಳು. ಉಳಿದವರೂ ಕುಳಿತರು. ಮಧ್ಯಾಹ್ನ ಎಂಜಿನಿಯರರ ಜೀಪು ಹೊರಟಿತು, ಕೆನಾಲಿನಿಂದ ಪಂಪುಗಳನ್ನು ತೆಗೆಸಿದರು. ಮೂರನೆಯ ದಿನ ತೂಬಿನಲ್ಲಿ ನೀರು ಬಂತು.

"ಅಂಜಿಕಿ ಆಗಲಿಲ್ಲೇನಕ್ಕ?" ಎಂದು ಮಾಸ್ತರರು ಕೇಳಿದರು.

"ಸಾಹೇಬ್ರ ಮುಂದ ಮಾತಾಡೂದು ಏನ್ ದೊಡ್ಡದ್ರಿ? ಮದುವಿ ಮನ್ಯಾಗ ಕುಂದ್ರೂದ ನನಗ ತ್ರಾಸು."

ಮರುದಿನ ಮಾಸ್ತರರು ಹಳೆಯ ಪುಸ್ತಕ ಹಿಡಿದು ಗದ್ದೆಗೇ ಬಂದರು. ಬಹಿರ್ಮುಖತೆ ಎಂಬುದು ಒಂದೇ ಗುಣವಲ್ಲ, ಅದರೊಳಗೆ ಹಲವು ಎಳೆಗಳಿವೆ. ಮಂದಿಯ ಜೊತೆ ಬೆರೆಯುವ ಆಸೆ ಒಂದು, ತನ್ನ ಮಾತನ್ನು ದಿಟ್ಟವಾಗಿ ಇಡುವುದು ಇನ್ನೊಂದು. ಒಂದಿದ್ದವರಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ ಎಂದು ಓದಿ ಹೇಳಿದರು. ಪರೀಕ್ಷೆಗೆ ಓದುವಾಗ ಆ ಪುಟ ಬಿಟ್ಟಿದ್ದರಂತೆ.

ಕಳೆ ಕೀಳುತ್ತಲೇ ಶೇಖಮ್ಮ, "ಅದನ್ನ ಮದ್ಲ ಓದಬೇಕಿತ್ತಲ್ರಿ ಮಾಸ್ತರ" ಎಂದಳು. ಆದರೂ ಅವರು ಹೋದ ಮೇಲೆ ಬಹಳ ಹೊತ್ತು ಅದನ್ನೇ ನೆನೆದಳು. ತನ್ನಲ್ಲೇನೋ ಕೊರತೆ ಇದೆ ಎಂದು ಅಷ್ಟು ವರ್ಷ ನಂಬಿದ್ದಳು.

ಮಲ್ಲಾಬಾಯಿ ತಾನಾಗಿಯೇ ಸಂಘದ ಜಾಗ ಬಿಟ್ಟುಕೊಟ್ಟಳು. ಮುಂದೆ ಮನೆಮನೆ ತಿರುಗಿ ಮಂದಿ ಕೂಡಿಸುವುದು ಅವಳ ಪಾಲು, ಕಚೇರಿಯಲ್ಲಿ ಮಾತಾಡುವುದು ಶೇಖಮ್ಮನ ಪಾಲು. ಹತ್ತು ವರ್ಷ ಹೀಗೇ ನಡೆಯಿತು. ಕೊನೆಯ ತೂಬಿಗೆ ನೀರು ತಡವಾದ ವರ್ಷಗಳಿದ್ದವು, ಬಾರದ ವರ್ಷ ಇರಲಿಲ್ಲ.